ಗಾಡಿ ಶುರುವಾದೊಡನೆ ಭಾಷಣ

ಪರದೆಯ ಮೇಲೆ ಬೆರಳಿನ ಜಿಡ್ಡು, ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತದೆ, ನನ್ನ ಬೆರಳಿನದೇ ಇರಬೇಕು, ಯಜಮಾನರ ಬಲಗೈ ಬಿದ್ದುಹೋಗಿ ಐದು ತಿಂಗಳಾಯಿತು, ಅಮ್ಮಾವ್ರು ಈ ಪರದೆ ಮುಟ್ಟುವವರಲ್ಲ — ಒರೆಸಬೇಕು, ಬಟ್ಟೆ ಸೀಟಿನ ಕೆಳಗೆಲ್ಲೋ ಇದೆ, ಬಗ್ಗಲಾರೆ, ಬಗ್ಗಿದರೆ ಗೇಟಿನ ವಾಚ್‌ಮನ್ ನೋಡಿ ಡ್ರೈವರ್ ಅಳುತ್ತಿದ್ದಾನೆ ಅಂದುಕೊಂಡಾನು. ಅಳು ಎಲ್ಲಿಂದ ಬರಬೇಕು, ನಗುತ್ತಲೇ ಹೊರಗೆ ಬಂದವನು ನಾನು, ಮಾತು ಕಲಿಸುವ ಡಾಕ್ಟರಮ್ಮನ ಕೋಣೆಯಿಂದ ಮೆಟ್ಟಿಲಿಳಿದು ಈ ಕಾರಿನ ಬಾಗಿಲವರೆಗೂ ಆ ನಗುವನ್ನು ಮುಖದ ಮೇಲೆ ಹೊತ್ತುಕೊಂಡೇ ಬಂದೆ, ದವಡೆ ಇನ್ನೂ ನೋಯುತ್ತಿದೆ. ಕೀ ಕೈಯಲ್ಲಿದೆ, ಹಾಕಿಲ್ಲ. ಹಾಕಿ ಅರ್ಧ ತಿರುಗಿಸಿದರೆ ಸಾಕು, ಇಂಜಿನ್ನಿಗಿಂತ ಮೊದಲು ಅದು ಶುರುವಾಗುತ್ತದೆ, ಎಲ್ಲರಿಗೂ ನಮಸ್ಕಾರ, ಕೂತ್ಕೊಳ್ಳಿ ಕೂತ್ಕೊಳ್ಳಿ, ಊಟಕ್ಕೆ ಇನ್ನೂ ಟೈಮಿದೆ — ಯಜಮಾನರ ದನಿ, ಆರು ವರ್ಷದ ಹಿಂದಿನದು, ಅವರ ರಟ್ಟಿನ ಪೆಟ್ಟಿಗೆ ಕಾರ್ಖಾನೆಗೆ ಇಪ್ಪತ್ತೈದು ತುಂಬಿದ ದಿನ ಮೈಕು ಹಿಡಿದು ನಿಂತಾಗಿನ ದನಿ, ಹನ್ನೊಂದು ನಿಮಿಷ, ಎಲ್ಲಿ ಕೆಮ್ಮುತ್ತಾರೆ ಎಲ್ಲಿ ನೀರು ಕುಡಿಯುತ್ತಾರೆ ಎಲ್ಲ ನನಗೆ ಬಾಯಿಪಾಠ. ಈ ಕಾರು ತಂದ ವಾರವೇ ಶೋರೂಮಿನವರಿಗೆ ಹೇಳಿ ಆ ಭಾಷಣವನ್ನು ಕಾರಿನ ಹೊಟ್ಟೆಯೊಳಗೇ ತುಂಬಿಸಿಕೊಂಡರು, ಪೆನ್‌ಡ್ರೈವೂ ಬೇಡ, ಏನೂ ಬೇಡ, ಗಾಡಿ ಶುರುವಾದರೆ ಭಾಷಣ ಶುರು. ಯಾರಾದರೂ ವ್ಯಾಪಾರದವರು ಪಕ್ಕದಲ್ಲಿ ಕೂತರೆ ಅಯ್ಯೋ ಇದೇನಪ್ಪ ತಾನಾಗೇ ಬರುತ್ತೆ ಇದು ಅನ್ನುವರು, ನಿಲ್ಲಿಸು ಅನ್ನುತ್ತಿರಲಿಲ್ಲ, ಕಿವಿ ಮಾತ್ರ ಅತ್ತಲೇ ಇರುತ್ತಿತ್ತು.

ನಾಲ್ಕನೇ ನಿಮಿಷದಲ್ಲಿ ನಾನು ಬರುತ್ತೇನೆ. ನಮ್ಮ ಡ್ರೈವರ್ ಎಲ್ಲಿದಾನೆ, ಏಯ್, ಎದ್ದು ನಿಲ್ಲೋ, ಎಲ್ರೂ ನೋಡ್ಲಿ — ಎದ್ದು ನಿಂತೆ, ಕೊನೆಯ ಸಾಲು, ಕುರ್ಚಿಯ ಕಾಲು ಕಿರ್ ಅಂದದ್ದು ಕೂಡ ಆ ರೆಕಾರ್ಡಿಂಗಿನಲ್ಲಿ ಸಣ್ಣಗೆ ಕೇಳುತ್ತದೆ, ಏನೋ ಒಳ್ಳೆಯದು ಹೇಳುತ್ತಾರೆ ಅಂತ ಅಂಗಿಯ ಮೇಲಿನ ಗುಂಡಿ ಬೇರೆ ಹಾಕಿಕೊಂಡೆ. ಹದಿಮೂರು ವರ್ಷದಿಂದ ನನ್ನ ಜೊತೆ ಇದಾನೆ, ಮುಂದೆ ಹೋಗೋದು ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಇವನಿಗೆ, ಹಿಂದೆ ಹೋಗು ಅಂದ್ರೆ ಮಾತ್ರ ಗೋಡೆ ಒಡಕೊಂಡು ಹೋಗ್ತಾನೆ, ಅದಕ್ಕೇ ಇವನ ಹೆಸರು ರಿವರ್ಸು. ನಾನೂರು ಜನ. ತಗಡಿನ ಛಾವಣಿಯ ಗೋಡೌನು, ನಗು ಮೇಲೆ ಹೋಗಿ ತಗಡಿಗೆ ಬಡಿದು ಮತ್ತೆ ಕೆಳಗೆ ಬಿತ್ತು. ಗೋಡೆ ಒಡೆದದ್ದು ನಿಜ, ಸುಳ್ಳು ಹೇಳಲಾರೆ, ಅವರ ಮನೆಯ ಗೇಟಿನ ಕಂಬ, ಹಿಂದಿನ ಬಂಪರ್ ಎರಡು ತುಂಡು. ಆದರೆ ಅವತ್ತು ಬೆಳಿಗ್ಗೆ ಕಾರಿನ ಹಿಂದೆ ನಿಂತಿದ್ದವರು ಅವರೇ, ಒಂದು ಕಿವಿಗೆ ಫೋನು, ಇನ್ನೊಂದು ಕೈ ಗಾಳಿಯಲ್ಲಿ ಆಡುತ್ತಿತ್ತು, ಬಾ, ಬಾ, ಇನ್ನೂ ಬಾ, ಧಾರಾಳವಾಗಿ ಬಾ ಅನ್ನುತ್ತಿದ್ದರು, ನಾನು ಬಂದೆ. ಅದು ಫೋನಿನಲ್ಲಿದ್ದ ಷಡ್ಡಕನಿಗೆ ಹೇಳಿದ್ದಂತೆ, ಊಟಕ್ಕೆ ಬಾ ಅಂತ. ಕಂಬ ಬಿದ್ದಾಗ ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರಿಗೂ ಗೊತ್ತಾಯಿತು, ಇಬ್ಬರಿಗೆ ಮಾತ್ರ. ಕಣ್ಣು ಕಾಣ್ಸಲ್ವೇನೋ ನಿಂಗೆ ಅಂದರು, ಕೆಲಸದವರೆಲ್ಲ ಹೊರಗೆ ಬಂದಿದ್ದರಲ್ಲ ಆಗ. ತಪ್ಪಾಯ್ತು ಸಾರ್ ಅಂದೆ. ಅಂದವನು ನಾನೇ.

ಅವತ್ತು ಆ ಗೋಡೌನಿನಲ್ಲಿ ಮಗಳಿರಬಾರದಿತ್ತು. ಹತ್ತನೇ ತರಗತಿಯಲ್ಲಿ ಚೆನ್ನಾಗಿ ಪಾಸಾದ ಕೆಲಸಗಾರರ ಮಕ್ಕಳಿಗೆ ಒಂದು ಬ್ಯಾಗು, ಒಂದು ಡಿಕ್ಷನರಿ ಕೊಡುತ್ತಾರೆ ಅಂತ ನಾನೇ ಕರೆದುಕೊಂಡು ಬಂದದ್ದು, ಶಾಲೆಯ ಯೂನಿಫಾರ್ಮು ಅವಳ ಅಮ್ಮ ಎರಡು ಸಲ ಇಸ್ತ್ರಿ ಮಾಡಿದ್ದಳು, ಎರಡನೇ ಸಾಲಿನಲ್ಲಿ ಮಕ್ಕಳ ಜೊತೆ ಕೂತಿದ್ದಳು, ಹಿಂತಿರುಗಿ ನನ್ನನ್ನು ನೋಡಿದಳು, ನಗುತ್ತಿದ್ದಳು, ಎಲ್ಲರೂ ನಗುವಾಗ ಮಗು ನಗುತ್ತದೆ, ಅದರಲ್ಲಿ ತಪ್ಪೇನಿದೆ, ಆಮೇಲೆ ಅವಳ ಮುಖದ ಮೇಲೆ ನಗು ಹಾಗೇ ಇದ್ದು ಕಣ್ಣು ಮಾತ್ರ ಬೇರೆಯಾಯಿತು. ಮನೆಗೆ ಹೋಗುವಾಗ ಬಸ್ಸಿನಲ್ಲಿ, ಡಿಕ್ಷನರಿ ತೊಡೆಯ ಮೇಲೆ, ಅಪ್ಪ, ನಿಮ್ಮನ್ನ ಅಲ್ಲಿ ಎಲ್ರೂ ಹಾಗೇ ಕರೀತಾರಾ. ತಮಾಷೆಗೆ ಕಣೇ. ನೀವು ಏನೂ ಅನ್ನಲ್ವಾ. ತಮಾಷೆಗೆ ಯಾರಾದ್ರೂ ಏನಾದ್ರೂ ಅಂತಾರಾ. ಅಷ್ಟೇ, ಮತ್ತೆ ಅವಳು ಕಿಟಕಿಯ ಕಡೆ ತಿರುಗಿದ್ದು ತಿರುಗಿದ್ದೇ. ಕಾಲೇಜು ಶುರುವಾದಾಗ, ಕಾಲೇಜಿನ ಹತ್ತಿರ ಬರೋದು ಬೇಡ ಅಪ್ಪ, ನಾನೇ ಬರ್ತೀನಿ. ಈಗ ಇಪ್ಪತ್ತೆರಡು ಅವಳಿಗೆ, ಬೇರೆ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ, ಭಾನುವಾರ ಫೋನು, ಊಟ ಆಯ್ತಾ, ಬಿ.ಪಿ. ಮಾತ್ರೆ ತಗೊಂಡ್ರಾ, ಅಮ್ಮಂಗೆ ಕೊಡಿ. ತಪ್ಪು ಹುಡುಕುವ ಹಾಗಿಲ್ಲ, ಎಲ್ಲ ಕೇಳುತ್ತಾಳೆ, ನಗುವುದು ಮಾತ್ರ ಇಲ್ಲ. ನಗು ಈ ಕಾರಿನಲ್ಲಿದೆ. ಗಂಡಸರ ಹೋ ಹೋ ಎಲ್ಲ ಇಳಿಯುತ್ತ ಬಂದ ಮೇಲೆ ಎಳೆಯ ನಗುವೊಂದು ಒಂಟಿಯಾಗಿ ಉಳಿಯುತ್ತದೆ, ಒಂದೇ ಕ್ಷಣ, ಲೋಟಕ್ಕೆ ಚಮಚ ತಾಕಿದ ಹಾಗೆ, ಅದು ಅವಳದು, ಹೌದೋ ಅಲ್ಲವೋ ಅಂತ ಬೇರೆಯವರನ್ನು ಕೇಳಲಾಗುವುದಿಲ್ಲ, ನನಗೆ ಗೊತ್ತು, ಅವಳದೇ.

ಸ್ಟ್ರೋಕ್ ಹೊಡೆದದ್ದು ಕಾರ್ಖಾನೆಯ ಆಫೀಸಿನಲ್ಲಿ, ಯಾರನ್ನೋ ಬೈಯುತ್ತಿದ್ದಾಗ, ಬೈಗುಳ ಅರ್ಧಕ್ಕೆ ನಿಂತಿತಂತೆ. ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಮಲಗಿಸಿದವರಲ್ಲಿ ನಾನೂ ಒಬ್ಬ, ಹದಿನೆಂಟು ನಿಮಿಷಕ್ಕೆ ಆಸ್ಪತ್ರೆ ಮುಟ್ಟಿಸಿದೆ, ಎರಡು ಸಿಗ್ನಲ್ ಹಾರಿಸಿದೆ, ಜೀವ ಉಳಿದದ್ದು ಡ್ರೈವರಿಂದ ಅಂತ ಅಲ್ಲಿನ ಡಾಕ್ಟರ್ ಅಂದದ್ದನ್ನು ಅಮ್ಮಾವ್ರು ಎಲ್ಲರಿಗೂ ಹೇಳುತ್ತಾರೆ, ಪಾಪ, ಅವರು ಒಳ್ಳೆಯವರು. ಬಲಗಡೆ ಬಿದ್ದುಹೋಯಿತು, ಮಾತು ಹೋಯಿತು, ಒಂದೇ ಒಂದು ಮಾತು ಅದು ಹೇಗೋ ಉಳಿದುಕೊಂಡಿತು, ಆಯ್ತು. ನೀರು ಬೇಕಾ, ಆಯ್ತು. ನೋವಾ, ಆಯ್ತು. ಸಿಟ್ಟು ಬಂದರೂ ಆಯ್ತು ಆಯ್ತು ಆಯ್ತು. ಹತ್ತೊಂಬತ್ತು ವರ್ಷದಲ್ಲಿ ರಜೆ ಕೇಳಿದಾಗೆಲ್ಲ ನೋಡೋಣ ಅಂದವರು, ಮಗಳು ಹುಟ್ಟಿದ ಎರಡು ವರ್ಷಕ್ಕೇ ಅಲ್ಲವೇ ಅವರಲ್ಲಿ ಸೇರಿದ್ದು, ಮೂರು ತುಂಬಿದಾಗ ಅವಳಿಗೆ ಜ್ವರ ನೂರನಾಲ್ಕು, ಅರ್ಧ ದಿನ ಸಾರ್ ಅಂದರೆ ನೋಡೋಣ, ಆ ಬಾಯಿಂದ ಒಂದು ಆಯ್ತು ಬೀಳಲಿ ಅಂತ ಗ್ಯಾರೇಜಿನಲ್ಲಿ ನಿಂತು ನಿಂತು ಕಾದದ್ದೆಷ್ಟು. ಈಗ ಬೇಕಾದಷ್ಟು ಆಯ್ತು. ಒಂದು ದಿನ ಯಾರೂ ಇಲ್ಲದಾಗ ಕೇಳಿಯೂ ನೋಡಿದೆ, ಸಾರ್, ನಾಳೆ ರಜೆ ಬೇಕಿತ್ತು. ಆಯ್ತು ಅಂದರು. ಕಣ್ಣಲ್ಲಿ ನೀರಿತ್ತು, ಅವರದೋ ನನ್ನದೋ. ನೋಡು, ಒಳಗೊಳಗೇ ಬೈಯುವಾಗಲೂ ಅವರು ಅವರು ಅಂತಲೇ ಬರುತ್ತದೆ, ಮನಸ್ಸಿನೊಳಗೆ ಯಾರು ಕೇಳುತ್ತಾರೆ, ಅಲ್ಲಾದರೂ ಅವನು ಅನ್ನಬಾರದೇ, ಬಾಯಿ ಕಟ್ಟಿದ್ದು ಸರಿ, ಇದು ಮನಸ್ಸನ್ನೂ ಕಟ್ಟಿದೆ.

ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋದ ದಿನ ಕೀ ತಿರುಗಿಸಿದೆ, ಎಲ್ಲರಿಗೂ ನಮಸ್ಕಾರ, ಕೂತ್ಕೊಳ್ಳಿ ಕೂತ್ಕೊಳ್ಳಿ. ನನಗೂ ಮರೆತೇಹೋಗಿತ್ತು. ಹಿಂದಿನ ಸೀಟಿನಿಂದ ಒಂದು ಸದ್ದು ಬಂತು, ಮನುಷ್ಯನದು ಅನ್ನಿಸಲಿಲ್ಲ, ಅಮ್ಮಾವ್ರು ಕೈ ಮುಗಿದರು, ನಿಲ್ಲಿಸಪ್ಪ ಅದನ್ನ, ನಿನ್ನ ದಮ್ಮಯ್ಯ. ತಡಬಡಿಸಿ ಯಾವುದೋ ಗುಂಡಿ ಒತ್ತಿ ನಿಲ್ಲಿಸಿದೆ. ನಾಳೆಯಿಂದ ಬರದ ಹಾಗೆ ಮಾಡಿಬಿಡು ಅಂದರು. ಮಾಡುತ್ತೇನೆ ಅಂತಲೇ ಅಂದೆ, ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ, ಆ ಸಂಜೆ ಗ್ಯಾರೇಜಿನಲ್ಲಿ ಕೂತು ಪರದೆಯ ಮೇಲೆ ಒಂದೊಂದೇ ತೆರೆದು ನೋಡಿದೆ, ಕಾರಿನ ಪುಸ್ತಕ ಪಕ್ಕದಲ್ಲಿಟ್ಟುಕೊಂಡೆ, ಅಕ್ಷರ ಕೂಡಿಸಿ ಕೂಡಿಸಿ ಓದಿ ಕೊನೆಗೂ ಸಿಕ್ಕಿತು, ಸೆಟ್ಟಿಂಗಿನ ಮೂರನೇ ಪುಟದ ಕೊನೆಯ ಸಾಲು, ಗಾಡಿ ಶುರುವಾದಾಗ ತಾನಾಗಿ ನುಡಿಸು, ಪಕ್ಕದಲ್ಲಿ ನೀಲಿ ಗುಂಡಿ, ಎಡಕ್ಕೆ ಸರಿಸಿದರೆ ಬೂದು ಬಣ್ಣವಾಗುತ್ತದೆ, ಮುಗಿಯಿತು, ಇನ್ನು ಬರುವುದಿಲ್ಲ. ಬೆರಳು ಹತ್ತಿರ ಒಯ್ದೆ. ಅದೇ ಹೊತ್ತಿಗೆ ಭಾಷಣ ನಾಲ್ಕನೇ ನಿಮಿಷಕ್ಕೆ ಬಂದಿತ್ತು. ಏಯ್, ಎದ್ದು ನಿಲ್ಲೋ. ಬೆರಳು ಹಿಂದಕ್ಕೆ ಬಂತು. ಬೆಳಿಗ್ಗೆ ಅಮ್ಮಾವ್ರಿಗೆ ಹೇಳಿದೆ, ಆಗಲ್ಲ ಅಮ್ಮ, ಒಳಗೇ ಕೂತುಬಿಟ್ಟಿದೆ, ಶೋರೂಮಿನವರು ಯಾವುದೋ ಪಾರ್ಟ್ ಬರಬೇಕು ಅಂತಿದಾರೆ. ಪೂರ್ತಿ ಆಫ್ ಮಾಡೋಕೆ ಬರಲ್ವಾ. ಮಾಡಿದ್ರೆ ರಿವರ್ಸ್ ಕ್ಯಾಮೆರಾನೂ ಹೋಗುತ್ತೆ ಅಮ್ಮ, ಮೊದಲೇ ನಾನು ಗೋಡೆಗೆ ಗುದ್ದೋನು. ಅಮ್ಮಾವ್ರು ನಕ್ಕರು. ಹಾಗಾದ್ರೆ ಸಣ್ಣಗಾದ್ರೂ ಇಡಪ್ಪ. ಸಣ್ಣಗೆ ಇಟ್ಟೆ. ಹಿಂದಿನ ಸೀಟಿಗೆ ಕೇಳುವಷ್ಟು ಸಣ್ಣಗೆ.

ಐದು ತಿಂಗಳು, ವಾರಕ್ಕೆ ನಾಲ್ಕು ದಿನ ಈ ಡಾಕ್ಟರಮ್ಮನ ಹತ್ತಿರ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ. ಮಿರರನ್ನು ರಸ್ತೆ ಕಾಣುವ ಹಾಗಲ್ಲ, ಅವರ ಮುಖ ಕಾಣುವ ಹಾಗೆ ತಿರುಗಿಸಿಟ್ಟುಕೊಂಡೆ. ಇಷ್ಟು ವರ್ಷ ನಾನು ಕೇಳಿದೆನಲ್ಲ, ಎದುರು ಮಾತಾಡದೆ, ಮಧ್ಯೆ ಬಾಯಿ ಹಾಕದೆ, ಈಗ ನೀವು ಕೇಳಿ ಸಾರ್, ಎದ್ದು ಹೋಗುವ ಹಾಗಿಲ್ಲ, ನಿಲ್ಲಿಸು ಅನ್ನುವ ಹಾಗಿಲ್ಲ, ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಿರಿ ನೋಡಿ. ಮೊದಮೊದಲು ಅವರು ಎಡಗೈಯಿಂದ ಸೀಟು ಗುದ್ದುತ್ತಿದ್ದರು. ಆಮೇಲೆ ಅಳುತ್ತಿದ್ದರು. ನಾನು ಇಂಡಿಕೇಟರ್ ಹಾಕಿ ಹುಷಾರಾಗಿ ತಿರುವು ತೆಗೆದುಕೊಳ್ಳುತ್ತಿದ್ದೆ, ಹಳ್ಳ ದಿಣ್ಣೆ ತಪ್ಪಿಸುತ್ತಿದ್ದೆ, ಮೈ ಅಲುಗದ ಹಾಗೆ, ಅದರಲ್ಲಿ ಯಾರೂ ನನ್ನನ್ನು ಬೆರಳು ಮಾಡಿ ತೋರಿಸುವ ಹಾಗಿಲ್ಲ. ಹೆಂಡತಿಗೊಮ್ಮೆ ಹೇಳಿಬಿಟ್ಟೆ. ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ, ಅವರಿಗೆ ಶಿಕ್ಷೆ ಕೊಡ್ತಿದೀನಿ ಅಂತೀರಲ್ಲ, ದಿನಾ ಎರಡು ಹೊತ್ತು ನೀವೂ ಕೂತು ಕೇಳ್ತಿದೀರಲ್ರೀ, ನಿಮಗೆ ಯಾರು ಕೊಟ್ಟಿದ್ದು ಶಿಕ್ಷೆ. ನಿನಗೆ ಗೊತ್ತಾಗಲ್ಲ ಬಿಡು ಅಂದೆ. ಗೊತ್ತಾಗೋದು ಬೇಡ, ಆಫ್ ಮಾಡಿಬಿಡಿ ಅಂದಳು. ಮಗಳ ನಗುವಿನ ಸಂಗತಿ ಅವಳಿಗೂ ಹೇಳಿಲ್ಲ. ಹತ್ತು ದಿನದ ಹಿಂದೆ ಸಿಗ್ನಲ್ಲಿನಲ್ಲಿ ನಿಂತಾಗ ಮಿರರಿನಲ್ಲಿ ಅವರ ತುಟಿ ಅಲುಗುತ್ತಿತ್ತು. ನಡುಕ ಅಂದುಕೊಂಡೆ. ಮಾರನೇ ದಿನವೂ. ಅಳುವ ಮೊದಲಿನ ತುಟಿ ಅಂದುಕೊಂಡೆ, ಒಳಗೆಲ್ಲೋ ತಣ್ಣಗಾಯಿತು, ಹೌದು, ಆಯಿತು, ಸುಳ್ಳೇಕೆ ಹೇಳಲಿ. ಅದು ಭಾಷಣದ ಜೊತೆ ಜೊತೆಗೇ ಹೋಗುತ್ತಿದೆ ಅಂತ, ಕೂತ್ಕೊಳ್ಳಿಗೆ ಕೂತ್ಕೊಳ್ಳಿ, ಊಟಕ್ಕೆ ಊಟ, ಹೊಳೆಯಲೇ ಇಲ್ಲ ನನಗೆ.

ಈಗ ಅರ್ಧ ಗಂಟೆಯ ಹಿಂದೆ, ಮೇಲಿನ ಕೋಣೆ, ಗೋಡೆಯ ಮೇಲೆ ಬಾಯಿಯ ಚಿತ್ರಗಳು, ಅ ಅಂದರೆ ಹೀಗೆ, ಮ ಅಂದರೆ ಹೀಗೆ. ಯಜಮಾನರನ್ನು ವೀಲ್‌ಚೇರಿನಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಲು ಕರೆದರು, ಕೂರಿಸಿ ಬಾಗಿಲ ಬಳಿ ನಿಂತೆ. ಡಾಕ್ಟರಮ್ಮ, ಚಿಕ್ಕ ವಯಸ್ಸು, ಎಲ್ಲರಿಗೂ ನೀವು ಅನ್ನುತ್ತಾರೆ, ಅಮ್ಮಾವ್ರನ್ನು ಕೇಳುತ್ತಿದ್ದರು, ಮನೇಲಿ ಏನು ಅಭ್ಯಾಸ ಮಾಡಿಸ್ತಿದೀರಿ, ಎರಡು ವಾರದಲ್ಲಿ ತುಂಬಾ ಮುಂದೆ ಬಂದಿದಾರೆ. ನಾವೇನೂ ಮಾಡಿಲ್ಲಮ್ಮ, ಕಾರಲ್ಲಿ ಇವರದೇ ಹಳೇ ಭಾಷಣ ಒಂದು ತಾನಾಗೇ ಬರುತ್ತೆ, ನಿಲ್ಲಿಸೋಕೆ ಆಗ್ತಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ದಿನಾ ಕೇಳ್ತಾರಾ, ಅದೇ ಮಾತು, ಅದೇ ಥರ. ದಿನಾ. ನಿಲ್ಲಿಸಬೇಡಿ, ದಯವಿಟ್ಟು ನಿಲ್ಲಿಸಬೇಡಿ, ಅದರ ಜೊತೆ ಇವರು ಬಾಯಿ ಹೊಂದಿಸ್ತಿದಾರೆ, ನಾವು ಇಲ್ಲಿ ಮಾಡಿಸಬೇಕು ಅಂದ್ಕೊಂಡಿದ್ದೇ ಅದು — ಆಮೇಲೆ ನನ್ನ ಕಡೆ ತಿರುಗಿ, ನೀವೇನಾ ಹಾಕ್ತಿರೋದು, ನಿಮ್ಮಿಂದ ಎಷ್ಟು ಉಪಕಾರ ಆಗಿದೆ ಗೊತ್ತಾ ಇವರಿಗೆ. ನನ್ನಿಂದ. ಉಪಕಾರ. ಜೀವ ಉಳಿಸಿದ್ದೂ ನಾನು, ಮಾತು ಕೊಟ್ಟದ್ದೂ ನಾನು, ಹತ್ತೊಂಬತ್ತು ವರ್ಷದಲ್ಲಿ ನನ್ನದು ಅಂತ ಮಾಡಿದ ಒಂದೇ ಒಂದು ಕೆಲಸ ಆ ಸೇಡು, ಅದೂ ಚಾಕರಿಯಾಗಿ ಹೋಯಿತು, ಹಾಳಾದದ್ದು, ಸೇಡು ತೀರಿಸಿಕೊಳ್ಳಲೂ ಬರದ ಜನ್ಮ. ಅಷ್ಟರಲ್ಲಿ ಡಾಕ್ಟರಮ್ಮ ಅವರ ಮುಂದೆ ಬಾಗಿ, ಹೇಳಿ ಸಾರ್, ಯಾವುದು ಬರುತ್ತೋ ಅದು, ನಿಧಾನವಾಗಿ. ಆಯ್ತು, ಅಂದರು. ಅದು ಬಿಟ್ಟು ಬೇರೆ, ಅಂದರು ಡಾಕ್ಟರಮ್ಮ. ಯಜಮಾನರು ಎಡಗೈ ಎತ್ತಿದರು, ಮೈಕು ಹಿಡಿದ ಹಾಗೆ. ನಮ್... ಡ್ರೈ... ವರ್. ಅಮ್ಮಾವ್ರು ಬಾಯಿಗೆ ಸೆರಗು ಒತ್ತಿಕೊಂಡರು. ಮುಂದೆ ಹೋಗೋದು... ಗೊತ್... ತಿಲ್ಲ. ಹಿಂದೆ... ಗೋಡೆ. ಗೋಡೆ ಒಡ... ಒಡಕೊಂಡು. ಆಮೇಲೆ ಬಹಳ ಹೊತ್ತು ಬಾಯಿ ತೆರೆದುಕೊಂಡು ಸುಮ್ಮನೆ ಕೂತರು, ಎಡತುಟಿ ಮೇಲೆ, ಬಲತುಟಿ ಕೆಳಗೆ ಜೋತು, ನಮ್ಮ ಮೂವರ ಮುಖ ನೋಡುತ್ತ. ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ನಗುವಿಗೆ ಕಾಯುತ್ತಿದ್ದಾರೆ. ಅಲ್ಲಿ ನಗು ಬರಬೇಕು, ಬಂದರೆ ತಾನೇ ಮುಂದಿನ ಮಾತು. ಡಾಕ್ಟರಮ್ಮ ಚಪ್ಪಾಳೆ ತಟ್ಟಿ ನಕ್ಕರು, ಅಮ್ಮಾವ್ರು ಅಳುತ್ತಲೇ ನಕ್ಕರು, ಕೇಳಿದೆಯೇನೋ, ನಿನ್ನ ಹೆಸರೇ ಮೊದಲು ಬಂತು ನೋಡು ಅವರ ಬಾಯಲ್ಲಿ. ನಾನೂ ನಕ್ಕೆ. ಎಲ್ಲರೂ ನಗುವಾಗ ನಾನೂ ನಕ್ಕೆ, ಮೆಟ್ಟಿಲಿಳಿದೆ, ಬಂದೆ.

ಕೀ ಹಾಕಿದೆ. ತಿರುಗಿಸಿದೆ. ಎಲ್ಲರಿಗೂ ನಮಸ್ಕಾರ — ಬರಲಿ, ಸೆಟ್ಟಿಂಗು, ಒಂದನೇ ಪುಟ, ಎರಡು, ಮೂರು, ಕೊನೆಯ ಸಾಲು, ನೀಲಿ ಗುಂಡಿ, ಬೆರಳು ಅದರ ಮೇಲಿಟ್ಟುಕೊಂಡೇ ಕೂತೆ, ಈ ಮನುಷ್ಯನ ಮಾತು ಈಗ ನನ್ನ ಒಂದು ಬೆರಳಿನ ಕೆಳಗಿದೆ, ಸರಿಸಿದರೆ ಪಾಪ ಅಂತಾರೆ ಯಾರಾದರೂ, ನನ್ನ ಮೂರು ವರ್ಷದ ಮಗುವಿಗೆ ಜ್ವರ ಬಂದಾಗ ಪಾಪ ಎಲ್ಲಿತ್ತು, ಮಗಳ ದನಿಗಾಗಿ ಕಾದೆ, ನಾಲ್ಕನೇ ನಿಮಿಷ, ಎದ್ದು ನಿಲ್ಲೋ, ರಿವರ್ಸು, ನಾನೂರು ಜನ, ತಗಡು, ಇಳಿಯಿತು, ಇಳಿಯಿತು, ಈಗ — ಹಾಂ. ಸರಿಸಿದೆ. ಬೂದು. ಕೀ ತೆಗೆದು ಮತ್ತೆ ಹಾಕಿದೆ, ಪರದೆ ಬೆಳಗಿತು, ಏನೂ ಬರಲಿಲ್ಲ. ಇಷ್ಟೇ. ಐದು ತಿಂಗಳು ಆಗಲ್ಲ ಅಂದದ್ದು ಇಷ್ಟೇ ಆಗಿತ್ತು. ಇಳಿಜಾರಿನಲ್ಲಿ ವೀಲ್‌ಚೇರ್ ಬರುತ್ತಿದೆ, ವಾಚ್‌ಮನ್ ತಳ್ಳುತ್ತಿದ್ದಾನೆ, ಅಮ್ಮಾವ್ರ ಮುಖ ನೋಡಬೇಕು, ಹತ್ತು ವರ್ಷ ಇಳಿದ ಹಾಗಿದೆ, ಇಳಿದು ಬಾಗಿಲು ತೆಗೆದೆ, ಬಲಗಾಲು ಎತ್ತಿ ಒಳಗಿಟ್ಟೆ, ಬೆಲ್ಟು ಹಾಕಿದೆ, ಎಲ್ಲ ಎಂದಿನ ಹಾಗೆ. ಕೂತು ಇಂಜಿನ್ ಶುರು ಮಾಡಿದೆ. ಎ.ಸಿ.ಯ ಗಾಳಿ ಮಾತ್ರ. ಅಮ್ಮಾವ್ರು, ಯಾಕಪ್ಪ, ಬರ್ಲೇ ಇಲ್ವಲ್ಲ. ಸರಿಹೋಯ್ತು ಅಮ್ಮ. ಸರಿಹೋಯ್ತಾ, ಅಯ್ಯೋ, ಈಗ್ಯಾಕೆ ಸರಿಮಾಡೋಕೆ ಹೋದೆ, ಡಾಕ್ಟರ್ ಹೇಳಿದ್ದು ಕೇಳಿಸ್ಕೊಂಡೆ ತಾನೇ, ಇಷ್ಟು ದಿನ ಆಗಲ್ಲ ಆಗಲ್ಲ ಅಂತಿದ್ದೆ, ಇವತ್ತು ಅಷ್ಟು ಬೇಗ ಹೇಗೆ — ನಿಲ್ಲಿಸಿದರು. ಅರ್ಧಕ್ಕೆ ನಿಂತ ಆ ಮಾತು ನನ್ನ ಕತ್ತಿನ ಹಿಂದೆ ಬೆಚ್ಚಗೆ ಕೂತಿದೆ, ತಿರುಗಿ ನೋಡಲಾರೆ, ಅಮ್ಮಾವ್ರು ದಡ್ಡರಲ್ಲ. ಇನ್ನೇನು ಕೇಳುತ್ತಾರೆ. ಗೇಟು ದಾಟಿದೆ. ಎಡಕ್ಕೆ ತಿರುಗಿದೆ. ಆಗ ಹಿಂದಿನಿಂದ, ಯಾವ ಭಾಷಣದ ಆಸರೆಯೂ ಇಲ್ಲದೆ, ನಮ್ಮ, ಅಂದರು. ಡ್ರೈವರ್. ಈ ಸಲ ಒಂದೇ ಉಸಿರಿಗೆ ಬಂತು. ಮುಂದೆ ಹೋಗೋದು ಗೊತ್ತಿಲ್ಲ. ಹಿಂದೆ ಗೋಡೆ ಒಡಕೊಂಡು. ಅಮ್ಮಾವ್ರು ನಗಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದಾರೆ, ಮಿರರಿನ ಅಂಚಿನಲ್ಲಿ ಅವರ ಕಿವಿಯಷ್ಟೇ ಕಾಣುತ್ತದೆ. ನಾನು ನಗಬೇಕು, ದವಡೆಗೆ ಅಭ್ಯಾಸವಿದೆ, ಒಂದು ಸಲ ಹೂಂ ಅಂದರೂ ಸಾಕು, ಬರುವುದಿಲ್ಲ. ಸಿಗ್ನಲ್ ಕೆಂಪು. ನಿಂತೆ. ಮಿರರಿನಲ್ಲಿ ಆ ಬಾಯಿ ತೆರೆದಿದೆ, ಎಡತುಟಿ ಮೇಲೆ, ಬಲತುಟಿ ಜೋತು, ಮೂಲೆಯಲ್ಲಿ ಎಂಜಲು ಹೊಳೆಯುತ್ತಿದೆ, ಕಾಯುತ್ತಿದೆ, ಹಸಿರಾಯಿತು, ಹಿಂದಿನವರು ಹಾರನ್ ಹೊಡೆಯುತ್ತಿದ್ದಾರೆ, ಗೇರು ಹಾಕಬೇಕು, ಬಾಯಿ ಮುಚ್ಚುತ್ತಿಲ್ಲ, ಯಾರಾದರೂ ನಗಲಿ ಅಂತ, ತೆರೆದೇ ಇದೆ, ಎಡತುಟಿ ಮೇಲೆ, ಬಲತುಟಿ ಜೋತು, ತೆರೆದೇ